ಮುನ್ನಿ ಬೀಯ ಮಣ್ಣಿನ ಕುಡಿಕೆ

ಮಾನ್ಯ ಅಧ್ಯಕ್ಷರೇ, ನನಗೆ ಶಾಲು ಹೊದಿಸಿದ ದೀಪಾಲಿ ಡಾಕ್ಟರೇ, ಹುಮನಾಬಾದದಿಂದ ಕೆಲಸ ಬಿಟ್ಟು ಬಂದ ಬಂಧುಗಳೇ, ಬಸವಕಲ್ಯಾಣದ ನನ್ನ ಸಭಿಕರೇ,

ಮೂವತ್ತೊಂದು ವರ್ಷ ಈ ಧರ್ಮಾರ್ಥ ದವಾಖಾನೆಯ ಕಿಟಕಿಯಲ್ಲಿ ನಿಂತು ಔಷಧಿ ಕೊಟ್ಟವನ ಕೈಗೆ ಇಂದು ನಿವೃತ್ತಿಯ ದಿನ ಮೈಕು ಕೊಟ್ಟಿದ್ದೀರಿ. ಚೀಟಿ ಇಲ್ಲದೆ ಮಹಾರುದ್ರಪ್ಪ ಗುಳಿಗೆ ಕೊಡುವುದಿಲ್ಲ ಎಂದು ಹೊಗಳಿದಿರಿ. ನನ್ನ ಹೆಂಡತಿ ಮೀರಾಬಾಯಿಯೂ ಇದನ್ನೇ ಹೇಳುತ್ತಾಳೆ, ಹೊಗಳಿಕೆಯಾಗಿ ಅಲ್ಲ: "ಚಾದಾಗ ಸಕ್ಕರಿ ಹಾಕಬೇಕಾದ್ರೂ ಇವರಿಗೆ ಚೀಟಿ ಬೇಕ್ರಿ." ನಗಿರಿ, ನಗಿರಿ.

ನೀವು ಕೊಟ್ಟ ಈ ಫಲಕದಲ್ಲಿ ಬರೆದಿದೆ: ದಾಸ್ತಾನಿನಲ್ಲಿ ಒಂದು ಶೀಷೆಯೂ ಹೆಚ್ಚುಕಡಿಮೆ ಆಗಲಿಲ್ಲ. ನಿಜ. ಆದರೆ ಹೋದ ವರ್ಷ ಮೇ ತಿಂಗಳ ಆ ಮೂರು ದಿನ ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ನಿಂತಿತು. ಪರದೆಯ ಮೇಲೆ ಹೆಸರು ಮೂಡದೆ ಔಷಧಿ ಕೊಡಬಾರದು ಎಂಬುದು ನಿಯಮ. ಹಳೆಯ ರಿಜಿಸ್ಟರುಗಳು? ಅವನ್ನು ನಾನೇ ಮುಂದೆ ನಿಂತು ರದ್ದಿಗೆ ಹಾಕಿಸಿದ್ದೆ. ಕೊನೆಯದಕ್ಕೆ ಹೂವಿನ ಹಾರ ಹಾಕಿ ಫೋಟೊ ಕೂಡ ತೆಗೆಸಿಕೊಂಡಿದ್ದೆ.

ಮೋರಖಂಡಿಯ ಮುನ್ನಿ ಬೀ ಬಂದರು. ಮಗಳು ಆರ್ಜೂಗೆ ಹತ್ತೊಂಬತ್ತು ವರ್ಷ, ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಬದುಕಿದ ಹುಡುಗಿ. ಮನೆಯಲ್ಲಿ ಫ್ರಿಜ್ ಇಲ್ಲ. ಶೀಷೆಗೆ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿಡಲು ನಾನೇ ಕಲಿಸಿದ್ದೆ. ಆ ಕುಡಿಕೆ ಹಿಡಿದು ನಿಂತಿದ್ದರು.

"ದವಾ ತೀರ್ಯಾದ ಸಾಹೇಬ್ರ. ಕಾಗದದ ಮ್ಯಾಲ ಬರಕೊಳ್ರಿ, ಹೆಬ್ಬೆಟ್ಟ ಒತ್ತತೀನಿ."

"ಕಂಪ್ಯೂಟರ್ ಬಂದ್ ಅದ. ನಾಳಿ ಬರ್ರಿ" ಎಂದೆ.

ಮಂಗಳವಾರ ಮತ್ತೆ ಬಂದರು. "ಹುಡುಗಿ ವಾಂತಿ ಮಾಡಾಕತ್ಯಾಳ. ಹೊರಗ ಅಂಗಡ್ಯಾಗ ತಗೊಳ್ಳಲೇನ್ರಿ?"

ಇನ್ಸುಲಿನ್ ತಪ್ಪಿದವರಿಗೆ ವಾಂತಿ ಶುರುವಾದರೆ ಜೀವಕ್ಕೇ ಅಪಾಯ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಈ ದಯಾಳು ಹೇಳಿದ್ದೇನು? "ಯಾಕ ರೊಕ್ಕ ಹಾಳ ಮಾಡ್ತೀರಿ ಅಕ್ಕಾ, ನಾಳಿ ಪುಕ್ಕಟ ಸಿಗ್ತದ." ನನ್ನ ಮಾತು ನಂಬಿ ಖಾಲಿ ಕುಡಿಕೆಯೊಂದಿಗೆ ಹೋದರು. ಇನ್ಸುಲಿನ್ ತುಂಬಿದ ಫ್ರಿಜ್ ನನ್ನ ಬೆನ್ನ ಹಿಂದೆಯೇ ಇತ್ತು.

ಬುಧವಾರ ಆರ್ಜೂಳನ್ನು ಜೀಪಿನಲ್ಲಿ ಬೀದರಿಗೆ ಒಯ್ದರು. ಹುಮನಾಬಾದ ದಾಟುವ ಮೊದಲೇ ಉಸಿರು ನಿಂತಿತು. ಅದೇ ಮಧ್ಯಾಹ್ನ ಕಂಪ್ಯೂಟರ್ ಶುರುವಾಯಿತು. ನಾನು ಇನ್ಸುಲಿನ್ ಶೀಷೆಗಳ ದಾಸ್ತಾನು ತಾಳೆ ನೋಡಿದೆ. ಪರದೆಯಲ್ಲಿ ಹದಿನಾಲ್ಕು, ಫ್ರಿಜ್‌ನಲ್ಲಿ ಹದಿನಾಲ್ಕು. ಖುಷಿಪಟ್ಟೆ, ಸಭಿಕರೇ. ಸುದ್ದಿ ಸಂಜೆ ಬಂತು.

ವಿಚಾರಣೆ ಮಾಡಿದವರು ನಿಯಮಪಾಲನೆ ಆಗಿದೆ ಎಂದು ಬರೆದರು. ಮುನ್ನಿ ಬೀ ಕೂಡ ನನ್ನನ್ನು ಬೈಯಲಿಲ್ಲ. ಮಗಳ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಬಂದು, ಕುಡಿಕೆಯನ್ನು ಕಿಟಕಿಯಲ್ಲಿಟ್ಟರು. "ಬ್ಯಾರೆ ಯಾರಿಗರ ಬೇಕಾಗ್ತದ, ಕೊಡ್ರಿ" ಎಂದರು. ಬೈದಿದ್ದರೆ ಈ ಶಾಲು ಇಷ್ಟು ಭಾರ ಆಗುತ್ತಿರಲಿಲ್ಲವೇನೋ.

ನಾಳೆಯಿಂದ ಆ ಕಿಟಕಿಯಲ್ಲಿ ನಿಲ್ಲುವ ಅವಿನಾಶನಿಗೆ ಕುಡಿಕೆಯನ್ನು ಒಪ್ಪಿಸಿದ್ದೇನೆ. ಪಕ್ಕದಲ್ಲಿ ನೂರು ಪುಟದ ಒಂದು ನೋಟುಬುಕ್ಕು ಇದೆ. ಅಪ್ಪಾ ಅವಿನಾಶ, ಕಂಪ್ಯೂಟರ್ ನಿಂತ ದಿನ ಅದರಲ್ಲಿ ಬರೆದು ಕೊಡು. ಮೊದಲ ಸಾಲು ನಾನೇ ಬರೆದಿದ್ದೇನೆ: ಆರ್ಜೂ, ಮೋರಖಂಡಿ, ಇನ್ಸುಲಿನ್, ಒಂದು ಶೀಷೆ. ಹೆಬ್ಬೆಟ್ಟಿನ ಜಾಗ ಖಾಲಿ ಇದೆ.

ಊಟಕ್ಕೆ ಹೊತ್ತಾಯಿತು. ಇಷ್ಟು ಹೊತ್ತು ಕೇಳಿದಿರಿ, ಋಣಿ. ನಮಸ್ಕಾರ.