ಮದ್ದು ಹಾಕಿದ ಕಷಾಯ

ಬಿಬವೇವಾಡಿಯ ಗಿರಣಿಯಲ್ಲಿ ಶಿವಬಸವ್ವ ಬೀಸಿದ ಜೋಳದ ಬಿಸಿ ಹಿಟ್ಟಿನಲ್ಲಿ ಕೈಯಾಡಿಸುತ್ತಿದ್ದಳು. ಪಾಳಿಯಲ್ಲಿ ಅವಳ ಹಿಂದೆ ನೀತಾ ಎಂಬ ಹುಡುಗಿ ತನ್ನ ಚಿಗವ್ವನಿಗೆ ಕತೆ ಹೇಳುತ್ತಿದ್ದಳು. ಸುತ್ತಲಿನವರೆಲ್ಲ ಮರಾಠಿಯವರು, ತಮ್ಮ ಕನ್ನಡ ತಿಳಿಯದು ಎಂದು ಇಬ್ಬರಿಗೂ ಧೈರ್ಯ.

“ಗಾಯ ಆಗಿದ್ದ ಸರದಾರಗ ಕೋಟಿಯೊಳಗಿನ ರಾಣಿ ಬಟ್ಟಲದಾಗ ಮಾಟದ ಮದ್ದು ಕೊಟ್ಲು. ಅಂವ ತನ್ನ ಊರು, ಕುದುರಿ, ಕತ್ತಿ ಎಲ್ಲಾ ಮರತು ಆಕಿ ಹಿಂದ ತಿರಗಿದ.”

“ಇದನ್ನ ಕಲಿಸಾಕ ಕಾಲೇಜಿನ್ಯಾಗ ಪಗಾರ ಕೊಡ್ತಾರ?”

“ಹಳೇ ವಿಲಾಯಿತಿ ಕತಿ, ಚಿಗವ್ವ.”

“ಹೊಸಾದೂ ಐತಿ. ನಿನಗೂ ಹಂಗ ಆಗೇದ. ಅದಕ್ಕ ನೀ ಮೆಚ್ಚಿದ ಸುಖೇಶನ ಅಜ್ಜಗ ನಿಮ್ಮ ಮದುವಿ ಒಪ್ಪಿಗಿ ಪತ್ರ ನಾ ಇನ್ನೂ ಹಾಕಿಲ್ಲ.”

“ಯುಗಾದಿಗೆ ಬರದದ್ದು! ಯಾಕ?”

“ಅವರ ಹೋಟೆಲ್‌ನ್ಯಾಗ ಅವನ ಅವ್ವ ನನ್ನ ಎದುರಿಗೇ ನಿನಗ ಅಂದ್ಳು, ‘ಮದ್ದು ಹಾಕಿದ್ದೇನೆ, ಬಿಸಿ ಇರುವಾಗಲೇ ಕುಡಿ’ ಅಂತ.”

ಶಿವಬಸವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳ ಊರಲ್ಲೂ ಮದ್ದು ಹಾಕುವುದೆಂದರೆ ಮನುಷ್ಯರನ್ನು ವಶ ಮಾಡಿಕೊಳ್ಳುವುದೇ.

“ಮಂಗಳೂರು ಕಡೆ ಔಷಧಕ್ಕ ಮದ್ದು ಅಂತಾರ. ನನಗ ನೆಗಡಿ ಆಗಿತ್ತಲ್ಲ, ಶುಂಠಿ ಕಷಾಯ ಅದು.”

“ಹಂಗಂತ ಅವರು ಹೇಳ್ತಾರ.”

“ಕೆಮ್ಮು ಅಂತ ಅರ್ಧಾ ಲೋಟಾ ನೀನೂ ಕುಡದಿ.”

ಚಿಗವ್ವ ಚೀಲದೊಳಗಿನ ಪತ್ರವನ್ನು ಮುಟ್ಟಿ ನೋಡಿಕೊಂಡಳು.

“ಕುಡದೆ. ಆ ಮಂದಿ ಮ್ಯಾಲೆ ನನಗೇನೂ ಮಾಯಾ ಮಮತಿ ಹುಟ್ಟಲಿಲ್ಲ.”

“ಮತ್ತ?”

“ಮತ್ತೇನು, ನಡಿ, ಪತ್ರ ಹಾಕೂನು. ಆದ್ರ ಬೀಗರ ಮನ್ಯಾಗ ನಾ ನೀರು ಸೈತ ಮುಟ್ಟೂದಿಲ್ಲ.”

ಬೀಸಲು ತಂದಿದ್ದ ಕಾಳಿನ ಡಬ್ಬಿಯನ್ನು ಪಾಳಿಯಲ್ಲೇ ಬಿಟ್ಟು ಇಬ್ಬರೂ ರಸ್ತೆ ದಾಟಿದರು. ಚಿಗವ್ವ ಪತ್ರವನ್ನು ಅಂಚೆ ಪೆಟ್ಟಿಗೆಯ ಬಾಯಿಗೆ ಹಿಡಿದು, ನೀತಾಳ ಮುಖವನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿ, ಒಳಗೆ ಹಾಕಿಬಿಟ್ಟಳು.