ಹೊಸ್ತಿಲಾಚೆ ಕೂತ ಅಕ್ಕ

ಯಾತ್ರೆಯ ಫಲ ಯಾವಾಗ ಕೈಗೆ ಬರುತ್ತದೆ ಎಂದು ನಿನ್ನೆ ಒಬ್ಬರು ಕೇಳಿದರು. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ.

ಹುಬ್ಬಳ್ಳಿಯಲ್ಲಿ ಒಬ್ಬ ಶ್ರೀಮಂತನಿದ್ದ. ಮೆಣಸಿನಕಾಯಿಯ ಸಗಟು ವ್ಯಾಪಾರಿ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಾನಿ, ಆಚಾರವಂತ, ಏಕಾದಶಿ ತಪ್ಪಿಸಿದವನಲ್ಲ. ಆದರೆ ಲಾರಿಯಲ್ಲಿ ಚೀಲ ಒಟ್ಟಿದ ಹಾಗೆ ದಿನವನ್ನು ಒಟ್ಟುತ್ತಿದ್ದ. ನಡುವೆ ಗಾಳಿಯಾಡುವುದಕ್ಕೂ ಸಂದು ಬಿಡುತ್ತಿರಲಿಲ್ಲ.

ಇಂಥವನು ಹೆಂಡತಿಯನ್ನೂ ಕಿರಿಮಗಳನ್ನೂ ಕರೆದುಕೊಂಡು ಕಾಶಿಗೆ ಹೊರಡಲು ಸಿದ್ಧನಾದ. ಬರುವಾಗ ಹೈದರಾಬಾದಿನಲ್ಲಿ ವಿಮಾನ ಬದಲಿಸಬೇಕು. ಮಧ್ಯಾಹ್ನ ಇಳಿದರೆ ಹುಬ್ಬಳ್ಳಿಯ ವಿಮಾನ ಮರುದಿನ ಬೆಳಿಗ್ಗೆ. ಇನ್ನೊಬ್ಬರಾಗಿದ್ದರೆ ಬೇಸರಪಡುತ್ತಿದ್ದರು, ಇವನು ಹಿಗ್ಗಿದ. ಒಂದು ಸಂಜೆ, ಒಂದು ರಾತ್ರಿ ಪುಕ್ಕಟೆ ಸಿಕ್ಕಿತಲ್ಲ! ಊಟಕ್ಕೆ ಕೂತಲ್ಲೇ ಯೋಜನೆ ಹಾಕಿದ. ಚಾರ್ಮಿನಾರು, ಮುತ್ತಿನ ಅಂಗಡಿ, ಕೆರೆಯ ದಂಡೆಯ ಬಣ್ಣದ ಕಾರಂಜಿ, ಒಳ್ಳೆಯ ಹೋಟೆಲು.

ಹೈದರಾಬಾದು ಎಂಬ ಹೆಸರು ಕೇಳಿ ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಯಾಕೆ ಗೊತ್ತೇ? ಆ ಊರಲ್ಲಿ ಅವಳ ಅಕ್ಕನಿದ್ದಳು. ತಾಯಿ ಇಲ್ಲದ ಮನೆಯಲ್ಲಿ ಇವಳನ್ನು ಸಾಕಿದ ಅಕ್ಕ. ಇವಳನ್ನು ವೇಣಿ ಎಂದು ಕರೆಯುವವರು ಈಗ ಲೋಕದಲ್ಲಿ ಅವಳೊಬ್ಬಳೇ. ಹೋದ ವರ್ಷ ಆ ಅಕ್ಕನ ಗಂಡ ತೀರಿಕೊಂಡಾಗ ಇಲ್ಲಿ ಹಿರಿಮಗಳ ಬಾಣಂತನ. ಹಸಿ ಬಾಣಂತಿಯನ್ನು ಬಿಟ್ಟು ಸಾವಿನ ಮನೆಗೆ ಹೋಗುವುದು ಹೇಗೆ? ಹೋಗಲಾಗಲಿಲ್ಲ. ಆಮೇಲೆ ಫೋನಿನಲ್ಲಿ ಮಾತು. ಆರಾಮೇನಕ್ಕಾ ಎಂದರೆ, ಆರಾಮದೀನವ್ವಾ ಎಂಬ ಉತ್ತರ. ಅಷ್ಟರಲ್ಲಿ ತೀರುತ್ತದೆಯೇ ಅದು? ಒಂದು ಸಲ ಎದುರು ಕೂತು ಅಕ್ಕನ ಕೈ ಹಿಡಿಯಬೇಕು. ಅವಳ ಆಸೆ ಇಷ್ಟೇ.

"ಅಕ್ಕನ ಮನಿ ಅಲ್ಲೇ ಅದರೀ," ಎಂದಳು.

"ಗೊತ್ತದ. ಆದ್ರ ಗಂಗಾ ತಗೊಂಡು ಬರೂವಾಗ ಇನ್ನೊಬ್ಬರ ಮನಿ ಹೊಸ್ತಲಾ ದಾಟಬಾರದು. ನೆಟ್ಟಗ ನಮ್ಮ ಮನಿಗೆ ಬರಬೇಕು, ಗಂಗಾಪೂಜಿ ಆಗಬೇಕು, ಆಮ್ಯಾಲೆ ಉಳಿದದ್ದು. ನಿಮ್ಮಪ್ಪನೂ ಹಂಗೇ ಹೇಳತಿದ್ರಲ್ಲ?"

"ಹೋಟೆಲಿನ ಹೊಸ್ತಲಾ ದಾಟಬಹುದೇನಪ್ಪಾ?" ಎಂದಳು ಮಗಳು.

"ಅದು ಮನಿ ಅಲ್ಲವಾ, ಛತ್ರ ಇದ್ದಂಗ. ನೀ ಊಟಾ ಮಾಡು."

ಅಕ್ಕನಿಗೆ ಫೋನು ಮಾಡಿದರೆ ಅವಳೂ ಅದನ್ನೇ ಹೇಳಿದಳು. "ಅವರು ಖರೇ ಹೇಳತಾರ, ನೀ ಒಳಗ ಬರಬ್ಯಾಡ. ನಾನೇ ಇಳದು ಬೀದಿಗೆ ಬರ್ತೀನಿ. ಬೀದಿಗೆ ಎಲ್ಲಿ ಹೊಸ್ತಲಾ ಅದ?" ಅಕ್ಕನ ಮನೆ ಮೂರನೆಯ ಮಹಡಿ. ಲಿಫ್ಟಿಲ್ಲ. ಮೊಣಕಾಲು ಹೋಗಿ ಅವಳು ಕೆಳಗಿಳಿಯುವುದನ್ನೇ ಬಿಟ್ಟಿದ್ದಳು.

ಶ್ರೀಮಂತನಿಗೆ ಸಂತೋಷವಾಯಿತು. ಹೋಟೆಲಿನ ದಾರಿಯಲ್ಲೇ ಆ ಬೀದಿ. ಯೋಜನೆಯಲ್ಲಿ ಮುತ್ತಿನ ಅಂಗಡಿಗಿಂತ ಮೊದಲು ಒಂದು ಸಂದು ಮಾಡಿ ಅಕ್ಕನನ್ನು ಸೇರಿಸಿದ. ಎಷ್ಟು ಹೊತ್ತು? ಹತ್ತು ನಿಮಿಷ.

ಕಾಶಿ ಆಯಿತು, ಸ್ನಾನ ಆಯಿತು, ಬಾಯಿ ಬೆಸೆದ ತಾಮ್ರದ ಗಿಂಡಿಯಲ್ಲಿ ಗಂಗೆ ಬಂದಳು. ಗಂಗೆಯಲ್ಲಿ ಮುಳುಗುವಾಗಲೂ ಹೆಂಡತಿಯ ಮನಸ್ಸು ಅಕ್ಕನ ಬೀದಿಯಲ್ಲೇ ಇತ್ತು. ಆದರೆ ಬರುವ ದಿನ ವಿಮಾನ ತಡವಾಯಿತು. ಹೈದರಾಬಾದಿನಲ್ಲಿ ಇಳಿದಾಗ ಬಿಸಿಲು ಬಾಡಿತ್ತು. ಊರೊಳಗಿನಿಂದ ಹೋಗುವುದೋ ಮೇಲುಸೇತುವೆಯ ಮೇಲಿನಿಂದಲೋ ಎಂದು ಕಾರಿನವನು ಕೇಳಿದ.

"ಮ್ಯಾಲಿಂದ ನಡಿಯಪಾ," ಎಂದ ಶ್ರೀಮಂತ. ಹೆಂಡತಿಯ ಕಡೆ ತಿರುಗಿ, "ಅಕ್ಕನ್ನ ನಾಳೆ ಮುಂಜಾನೆ ನೋಡಿದರಾತು. ಮುಂಜಾನೆ ಕಾರಂಜಿ ಇರೂದಿಲ್ಲ. ಅಕ್ಕ ಎಲ್ಲಿ ಹೋಗತಾರ?" ಎಂದ.

ನೋಡಿ. ಅಕ್ಕ ಎಲ್ಲಿ ಹೋಗತಾರ. ಈ ಮಾತನ್ನು ನಾವು ಎಷ್ಟು ಸಲ ಆಡಿಲ್ಲ? ಅಪ್ಪ ಎಲ್ಲಿ ಹೋಗುತ್ತಾನೆ, ಗೆಳೆಯ ಎಲ್ಲಿ ಹೋಗುತ್ತಾನೆ, ದೇವರು ಎಲ್ಲಿ ಹೋಗುತ್ತಾನೆ.

ಅವಳು ಕಾರಿನಿಂದಲೇ ಫೋನು ಮಾಡಿದಳು. "ನಾಳೆ ಬರ್ತೀವಕ್ಕಾ."

"ಹೌದಾ? ಇರಲಿ ಬಿಡವ್ವಾ. ಗಾಳಿ ಚಲೋ ಬೀಸಲಿಕ್ಕತ್ತದ," ಎಂದಳು ಅಕ್ಕ. ಅವಳ ಮಾತಿನ ಹಿಂದೆ ಆಟೋಗಳ ಸದ್ದು ಕೇಳಿಸಿತು. ತಂಗಿಗೆ ಆಗ ತಿಳಿಯಿತು. ಅಕ್ಕ ಆಗಲೇ ಇಳಿದು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದಳು.

ಸಂಜೆ ಕಾರಂಜಿ ಕುಣಿಯಿತು. ಕೆಂಪಾಯಿತು, ಹಸಿರಾಯಿತು, ಜನ ಚಪ್ಪಾಳೆ ತಟ್ಟಿದರು. "ಹೆಂಗದ?" ಎಂದು ಗಂಡ ಕೇಳಿದ. "ಚಲೋ ಅದ," ಎಂದಳು.

ಬೆಳಿಗ್ಗೆ ಕಾರು ಅಕ್ಕನ ಬೀದಿಗೆ ಬಂದು ನಿಂತಿತು. ಕೆಳಗೆ ಯಾರೂ ಇಲ್ಲ. ಮೂರನೆಯ ಮಹಡಿಯ ಕಿಟಕಿಯಲ್ಲಿ ಒಂದು ಮುಖ. "ನಿನ್ನೆ ಹತ್ತಿದ್ದಕ್ಕ ಮೊಣಕಾಲು ಬಾತಾವ ವೇಣೀ, ಇಳೀಲಿಕ್ಕೆ ಆಗವಲ್ದು. ಮಾರಿ ಕಂಡಿತಲ್ಲ, ಸಾಕು. ಹೋಗಿ ಬಾ."

ಅವಳು ಒಂದು ಕ್ಷಣ ಮೇಲೆ ನೋಡಿದಳು. ಆಮೇಲೆ ತೊಡೆಯ ಮೇಲಿದ್ದ ಗಿಂಡಿಯನ್ನು ಗಂಡನ ಕೈಗೆ ಕೊಟ್ಟಳು. "ಹಿಡೀರಿ. ನೆಲದ ಮ್ಯಾಲೆ ಇಡಬ್ಯಾಡ್ರಿ."

"ಅಲ್ಲೇ, ಹೊಸ್ತಲಾ..."

"ದಾಟೂದಿಲ್ರೀ," ಎಂದು ಮೆಟ್ಟಿಲು ಹತ್ತಿಬಿಟ್ಟಳು.

ಬಾಗಿಲು ತೆರೆದಿತ್ತು. ಅಕ್ಕ ಒಳಗಡೆ, ಹೊಸ್ತಿಲಿಗೆ ತಾಗಿ ನೆಲದ ಮೇಲೆ ಕೂತಿದ್ದಳು. ಅಂಗೈ ಅಡ್ಡ ಹಿಡಿದಳು. "ಒಳಗ ಬರಬ್ಯಾಡ. ನಿನ್ನ ಯಾತ್ರಾ ಕೆಡತದ." ತಂಗಿ ಈಚೆ, ಮೆಟ್ಟಿಲ ಬಳಿಯ ನೆಲದಲ್ಲಿ ಕೂತಳು. ನಡುವೆ ಹೊಸ್ತಿಲು. ಅದರ ಮೇಲೆ ಅಕ್ಕನ ಕೈ ಹಿಡಿದಾಗ, ಆ ಬರಿದಾದ ಮುಂಗೈಯನ್ನು ಮೊದಲ ಸಲ ಕಂಡಳು. ಫೋನಿನಲ್ಲಿ ಕೈ ಕಾಣುವುದಿಲ್ಲ, ನೋಡಿ.

"ಬಂದವರೆಲ್ಲಾ ನನ್ನ ಮುಂದ ಅತ್ತು ಹೋದರು," ಎಂದಳು ಅಕ್ಕ. "ನಾ ಯಾರ ಮುಂದ ಅಳಬೇಕು ಹೇಳು? ನೀ ಬರಲಿ ಅಂತ ಇಟಗೊಂಡು ಕೂತೆ." ತಂಗಿ ಇನ್ನಷ್ಟು ಹತ್ತಿರ ಸರಿದಳು. ಅಕ್ಕ ಮತ್ತೆ ಬಾಯಿ ತೆರೆದಳು. "ಅವತ್ತು ಮುಂಜಾನೆ ಚಹಾ ಕುಡಕೋತ ಅವರು ನನಗ ಏನಂದ್ರು ಗೊತ್ತದೇನು..."

ಕೆಳಗೆ ಕಾರಿನ ಹಾರ್ನು. ಬೆನ್ನಿಗೇ ಫೋನು.

ಅಕ್ಕ ಮಾತು ನಿಲ್ಲಿಸಿದಳು. "ವಿಮಾನಕ್ಕ ಹೊತ್ತಾತು. ಹೋಗು. ಮತ್ತ ಬಂದಾಗ ಹೇಳತೀನಿ."

"ಈಗ ಹೇಳಕ್ಕಾ."

"ಎದ್ದು ನಿಂತು ಕೇಳೂ ಮಾತಲ್ಲವಾ ಅದು."

ಹುಬ್ಬಳ್ಳಿ ಮುಟ್ಟಿದರು. ಗಂಗಾಪೂಜೆ, ಕಾಶಿ ಸಮಾರಾಧನೆ, ಎಲ್ಲವೂ ಸಾಂಗವಾಗಿ ನಡೆಯಿತು. ಬಂದವರೆಲ್ಲ ಉಂಡು ಹೋದ ಮೇಲೆ ಶ್ರೀಮಂತ ಹೆಂಡತಿಯನ್ನು ಕೇಳಿದ, "ಎಲ್ಲಾ ಅಂದುಕೊಂಡಂಗ ಆತು. ಯಾಕ ಸುಮ್ಮನ ಕೂತೀ?"

"ಏನಂದಿರಬೇಕು ಅಂತ ವಿಚಾರ ಮಾಡಲಿಕ್ಕತ್ತೀನ್ರಿ," ಎಂದಳು.

"ಯಾರು?" ಎಂದ ಅವನು.

ಕಥೆ ಇಷ್ಟೇ. ಈಗ ಹೇಳಿ, ಆ ಶ್ರೀಮಂತ ಯಾರು? ಪಕ್ಕದವರ ಕಡೆ ನೋಡಬೇಡಿ.

ಆಚಾರ ಬೇಡವೆಂದು ನಾನು ಹೇಳುತ್ತಿಲ್ಲ. ಲೋಕದ ಬೂದಿಯನ್ನೆಲ್ಲ ಮಡಿಲಲ್ಲಿ ಹಾಕಿಕೊಳ್ಳುವ ಗಂಗೆ, ಸಾವು ಕಂಡ ಒಂದು ಮನೆಗೆ ಬಂದರೆ ಮೈಲಿಗೆಯಾಗುತ್ತಾಳೆಯೇ ಎಂಬ ಪ್ರಶ್ನೆಯೂ ಇರಲಿ. ನಿಯಮ ಇದೆ, ಒಪ್ಪಿಕೊಳ್ಳೋಣ. ಆ ಇಬ್ಬರು ಹೆಣ್ಣುಮಕ್ಕಳು ನಿಯಮ ಮುರಿದರೇ? ಇಲ್ಲ. ಹೊಸ್ತಿಲಿನ ಆಚೆ ಒಬ್ಬಳು, ಈಚೆ ಒಬ್ಬಳು ಕೂತು ನಿಯಮವನ್ನೂ ಉಳಿಸಿದರು, ಪ್ರೀತಿಯನ್ನೂ ಉಳಿಸಿದರು. ಕಡಿಮೆ ಬಿದ್ದದ್ದು ಹೊತ್ತು. ಆ ಹೊತ್ತು ಇರಲಿಲ್ಲವೇ? ಇತ್ತು. ಒಂದು ಇಡೀ ಸಂಜೆ ಇತ್ತು. ಅದನ್ನು ಆ ಶ್ರೀಮಂತ ಬಣ್ಣದ ನೀರಿಗೆ ಸುರಿದು ಬಂದ.

ನೀವೂ ನಾಳೆ ಎಲ್ಲಿಗೋ ಹೊರಡುತ್ತೀರಿ. ಮದುವೆಗೆ, ಯಾತ್ರೆಗೆ, ವ್ಯಾಪಾರಕ್ಕೆ. ನಡುವೆ ಒಂದು ರಾತ್ರಿ ಯಾವುದೋ ಊರಲ್ಲಿ ಉಳಿಯುತ್ತೀರಿ. ಆ ಊರಲ್ಲಿ ಏನೇನು ನೋಡುವುದಿದೆ ಎಂದು ಕೇಳುವ ಮೊದಲು, ಅಲ್ಲಿ ಯಾರಿದ್ದಾರೆ ಎಂದು ಕೇಳಿ. ಮೊದಲು ಅವರಿಗೆ ಜಾಗ ಮಾಡಿ, ಉಳಿದ ಹೊತ್ತು ಕಾರಂಜಿಗೆ ಇರಲಿ. ನಿಮಗಾಗಿ ಮಾತು ಕಾಯ್ದಿಟ್ಟುಕೊಂಡು ಕೂತವರು ಒಬ್ಬರಾದರೂ ಎಲ್ಲೋ ಇದ್ದಾರೆ. ಫೋನಿನಲ್ಲಿ ಕೇಳಿದರೆ ಆರಾಮ ಅನ್ನುತ್ತಾರೆ, ನಂಬಬೇಡಿ. ಹೋಗಿ. ಹೋದ ಮೇಲೆ ಗಾಡಿಯವನನ್ನು ಕಳಿಸಿಬಿಡಿ. ಚಪ್ಪಲಿ ಬಿಟ್ಟು, ಅವರ ಹತ್ತಿರ ನೆಲದ ಮೇಲೆ ಕೂತುಕೊಳ್ಳಿ. ಅವರು ಮಾತು ಮುಗಿಸುವ ತನಕ ಏಳಬೇಡಿ.