ಚಾವಡಿಯಲ್ಲಿ ಕೇಳಿದ ಪ್ರಶ್ನೆ

ನಂಬದವರು ಈಗಲೇ ಎದ್ದು ಹೋಗಬಹುದು. ಒಬ್ಬೊಬ್ಬರೇ ಹೋಗಿ, ಅಷ್ಟೇ. ಇದು ಹೋದ ವರ್ಷ ಕಾವೂರಿನಲ್ಲಿ ನಮ್ಮ ನೆರೆಮನೆಯ ವೆರೋನಿಕಾಳಿಗೆ ಆದದ್ದು.

ವೆರೋನಿಕಾ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಜ್ವರ, ಬಿಪಿ, ಶುಗರ್ ಎಲ್ಲ ವಿಚಾರಿಸುವವಳು. ಆ ಸಲ ಹೊಸ ಪ್ರಶ್ನೆಯೊಂದು ಬಂದಿತ್ತು. ನಿದ್ದೆ ಬಾರದವರು, ಬದುಕೇ ಬೇಡ ಅನ್ನಿಸುವವರು ಯಾರಾದರೂ ಇದ್ದಾರಾ? ಇದ್ದರೆ ಮಂಗಳವಾರ ಬರುವ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಬೇಕು. ಸಂಕಪ್ಪಣ್ಣನ ಮನೆಯಲ್ಲಿ ಅವಳು ಅದನ್ನು ಚಾವಡಿಯಲ್ಲಿ ನಿಂತು ಯಜಮಾನರನ್ನೇ ಕೇಳಿದಳು. ದೊಡ್ಡ ಮನೆಯಲ್ಲಿ ಮರ್ಯಾದೆ ಅದೇ ತಾನೆ? ನಮ್ಮಲ್ಲಿ ಅಂಥದ್ದು ಎಂತದೂ ಇಲ್ಲ ಎಂದರು ಅವರು. ಸೊಸೆ ಚೈತಾಲಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ವೆರೋನಿಕಾ ‘ಇಲ್ಲ’ ಎಂದು ಬರೆದುಕೊಂಡಳು. ಹದಿನೈದು ದಿನಕ್ಕೆ ಚೈತಾಲಿ ಆ ಮನೆಯ ಬಾವಿಯಲ್ಲಿ ಸಿಕ್ಕಿದಳು. ವೆರೋನಿಕಾಳಿಗೆ ಎಷ್ಟೋ ದಿನ ಅನ್ನ ಸೇರಲಿಲ್ಲ.

ತಿಂಗಳು ಕಳೆದಿರಬೇಕು. ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಸೇರಿಸಿ, ರಾತ್ರಿ ಹನ್ನೊಂದಕ್ಕೆ ಆ ಮನೆಯ ದಾರಿಯಾಗಿ ಬರುತ್ತಿದ್ದಳು. ಬಾವಿಯ ಹತ್ತಿರ... ರಾಟೆ ‘ಕಿರ್ರ್... ಕಿರ್ರ್’ ಎಂದಿತು. ಗಾಳಿ ಇರಲಿಲ್ಲ. ಹಗ್ಗವೂ ಇರಲಿಲ್ಲ, ಪೊಲೀಸರು ಬಂದ ದಿನವೇ ಬಿಚ್ಚಿದ್ದರು. ಆಮೇಲೆ ಹಿಂದೆ ಒದ್ದೆ ಕಾಲಿನ ಸದ್ದು. ಚಪ್... ಚಪ್... ಇವಳು ನಿಂತರೆ ಅದೂ ನಿಂತಿತು.

"ಅಕ್ಕ..."

ವೆರೋನಿಕಾ ತಿರುಗಲಿಲ್ಲ. ಸ್ವರ ಚೈತಾಲಿಯದು.

"ನಾದಿನಿ ಮನ್ವಿತಾ ಮಲಗುವುದೇ ಇಲ್ಲ ಅಕ್ಕ. ಅವಳನ್ನು ಒಬ್ಬಳನ್ನೇ ಕೇಳಿ."

"ಬೆಳಿಗ್ಗೆ... ಬೆಳಿಗ್ಗೆ ಬರ್ತೇನೆ."

"ಬೆಳಿಗ್ಗೆಗೆ ತಡ ಆಗ್ತದೆ."

ವೆರೋನಿಕಾ ಓಡಿದಳು. ಜೀವಭಯ ಒಂದು. ಆ ಹೊತ್ತಿನಲ್ಲಿ ಸಂಕಪ್ಪಣ್ಣನ ಬಾಗಿಲು ತಟ್ಟಿ ಏನೆಂದು ಹೇಳುವುದು ಎಂಬುದು ಇನ್ನೊಂದು. ಓಡಿದ್ದಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಬೆಳಕು ಹರಿಯುವಾಗ ಮತ್ತೆ ಹೋದಳು. ಚಾವಡಿಗೆ ಅಲ್ಲ, ಹಿತ್ತಿಲಿಗೆ. ಮನ್ವಿತಾ ಪಾತ್ರೆ ತಿಕ್ಕುತ್ತಿದ್ದಳು. ಜೀವಂತ ಇದ್ದಳು. ವೆರೋನಿಕಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, ಅದೇ ಪ್ರಶ್ನೆ ಕೇಳಿದಳು.

ಹುಡುಗಿ ಅವಳ ಮುಖವನ್ನೇ ನೋಡಿದಳು.

"ಎಂತ ಅಕ್ಕ, ಪುನಃ ಕೇಳ್ತೀರಿ? ರಾತ್ರಿ ಎಲ್ಲ ಹೇಳಿದೆನಲ್ಲ... ನಾಲ್ಕು ಗಂಟೆಯವರೆಗೆ ನನ್ನ ಹತ್ತಿರ ಕೂತಿದ್ದದ್ದು ನೀವೇ ಅಲ್ವಾ?"

ಮನ್ವಿತಾ ಈಗ ಡಾಕ್ಟರ ಹತ್ತಿರ ಹೋಗ್ತಾಳೆ, ಮಾತ್ರೆ ತಗೊಳ್ತಾಳೆ, ಹುಷಾರಿದ್ದಾಳೆ. ಸುಳ್ಳೆಂದು ಕಂಡರೆ ಅವಳನ್ನೇ ಕೇಳಿ. ವೆರೋನಿಕಾ ಆ ರಾತ್ರಿ ಬೆಳಗಿನವರೆಗೂ ನಮ್ಮ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಕೈ ಹಿಡಿದು ಕೂತಿದ್ದಳು. ಎರಡು ಸಲ ಕಾಫಿ ಮಾಡಿ ಕೊಟ್ಟದ್ದು ನಾನು.